ಎನ್‌ಬಿಐ ಒತ್ತಿದರೆ ಕತ್ತಲು, ಬಯಾಪ್ಸಿಯಲ್ಲಿ ಅರ್ಧ ಉತ್ತರ: ಜಠರದ ಲಿಂಫೋಮಾ ಹಿಡಿಯುವುದು ಹೇಗೆ?

ಸ್ಕೋಪ್_ಕಲಿಕೆ:
ನಮಸ್ಕಾರ. ಗ್ಯಾಸ್ಟ್ರೋ ಟ್ರೇನಿಂಗ್‌ನಲ್ಲಿದ್ದೇನೆ. ಒಬ್ಬ ರೋಗಿಯ ಜಠರದ ನಡುಭಾಗದಲ್ಲಿ ಬಣ್ಣ ಮಾಸಿದ ಜಾಗ ಇದೆ. ಹುಣ್ಣಿಲ್ಲ, ಗಂಟಿಲ್ಲ, ಅಂಚೂ ಸರಿಯಾಗಿ ಗೊತ್ತಾಗುವುದಿಲ್ಲ. ಬಿಳಿ ಬೆಳಕಿನಲ್ಲಿ ಮಾಮೂಲಿ ಗ್ಯಾಸ್ಟ್ರೈಟಿಸ್ (ಜಠರದ ಉರಿಯೂತ) ಥರಾನೇ ಇದೆ. ಆದರೆ ಬಯಾಪ್ಸಿ ರಿಪೋರ್ಟ್‌ನಲ್ಲಿ ಲಿಂಫಾಯ್ಡ್ ಕಣಗಳು ಜಾಸ್ತಿ, ಲಿಂಫೋಮಾ (ಲಿಂಫ್ ಕಣಗಳ ಕ್ಯಾನ್ಸರ್) ಇಲ್ಲ ಅಂತ ಹೇಳಲಾಗದು ಎಂದು ಬಂದಿದೆ. ಈಗ ಮತ್ತೆ ಸ್ಕೋಪ್ ಹಾಕಬೇಕು. ನಮ್ಮ ಮೆಷಿನ್‌ನಲ್ಲಿ ಎನ್‌ಬಿಐ (ನ್ಯಾರೋ ಬ್ಯಾಂಡ್ ಇಮೇಜಿಂಗ್, ಆಯ್ದ ಬಣ್ಣದ ಬೆಳಕಿನಲ್ಲಿ ಮಾತ್ರ ನೋಡುವ ವಿಧಾನ) ಒತ್ತಿದ ಕೂಡಲೇ ಜಠರ ಪೂರ್ತಿ ಕತ್ತಲಾಗುತ್ತದೆ. ಝೂಮ್ ಮಾಡಿದರೆ ಫೋಕಸ್ ನಿಲ್ಲುವುದಿಲ್ಲ. ಒಂದು ತುಣುಕು ತೆಗೆದ ಮೇಲಂತೂ ಬರೀ ಕಪ್ಪು. ಇದು ಸೆಟ್ಟಿಂಗ್ ಸಮಸ್ಯೆಯಾ, ನೋಡುವ ಕ್ರಮದ್ದಾ?

ಹಳೇ_ಸ್ಕೋಪು:
ಹೆಚ್ಚಾಗಿ ಕ್ರಮದ್ದು. ಎನ್‌ಬಿಐ ಬಳಸುವುದು 415 ಮತ್ತು 540 ನ್ಯಾನೋಮೀಟರ್ ಸುತ್ತಲಿನ ಬೆಳಕನ್ನು ಮಾತ್ರ, ಅದನ್ನು ಹೀಮೋಗ್ಲೋಬಿನ್ ಚೆನ್ನಾಗಿ ಹೀರಿಕೊಳ್ಳುತ್ತದೆ. ಅದಕ್ಕೇ ಮೇಲ್ಪದರದ ಸಣ್ಣ ರಕ್ತನಾಳಗಳು ಕಂದು ಬಣ್ಣದಲ್ಲಿ ಎದ್ದು ಕಾಣುತ್ತವೆ, ಅದಕ್ಕೇ ಹೊರಗೆ ಬಂದ ರಕ್ತ ಕಪ್ಪಾಗಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಪೂರ್ತಿ ನೋಡಿ, ಫೋಟೋ ತೆಗೆದು, ಆಮೇಲಷ್ಟೇ ಫೋರ್ಸೆಪ್ಸ್ (ತುಣುಕು ತೆಗೆಯುವ ಚಿಮುಟ) ಕೇಳಿ.

ಕತ್ತಲಾಗುವುದು ಬೆಳಕು ಕಮ್ಮಿ, ಜಠರ ಅಗಲ ಎನ್ನುವ ಕಾರಣಕ್ಕೆ. ಜಾಗವನ್ನು ಬಿಳಿ ಬೆಳಕಿನಲ್ಲೇ ಹುಡುಕಿ, ಹತ್ತಿರ ಹೋಗಿ, ಆಮೇಲೆ ಎನ್‌ಬಿಐ ಒತ್ತಿ. ಸ್ಕೋಪಿನ ತುದಿಗೆ ಮೆತ್ತನೆಯ ಹುಡ್ ಹಾಕಿದ್ದೀರಾ? ಅದಿಲ್ಲದೆ ಝೂಮ್ ಫೋಕಸ್ ನಿಲ್ಲಿಸುವುದು ಕಷ್ಟ. ಹುಡ್‌ನ ಅಂಚನ್ನು ಪಕ್ಕದ ಒಳಪದರಕ್ಕೆ ಸುಮ್ನೆ ತಾಗಿಸಿ ನಿಲ್ಲಿಸಿ, ಒತ್ತಬೇಡಿ, ಒತ್ತಿದರೆ ರಕ್ತ ಬರುತ್ತದೆ. ಬೇಕಿದ್ದರೆ ಹುಡ್ ಒಳಗೆ ನೀರು ತುಂಬಿಸಿ ನೋಡಿ, ಪ್ರತಿಫಲನ ಹೋಗುತ್ತದೆ. ಲೋಳೆ, ನೊರೆ ಇದ್ದರೆ ಸ್ಕೋಪ್‌ಗೆ ಮುಂಚೆ ಸಿಮೆಥಿಕೋನ್ ಜೊತೆ ಎನ್-ಅಸಿಟೈಲ್‌ಸಿಸ್ಟೀನ್ ಕುಡಿಸಿ.

ಏನು ಹುಡುಕಬೇಕು ಅಂದರೆ: ಮಾಲ್ಟ್ ಲಿಂಫೋಮಾ (ಒಳಪದರದ ಲಿಂಫ್ ಅಂಗಾಂಶದಲ್ಲಿ ಹುಟ್ಟುವ ಬಗೆ) ಇರುವ ಕಡೆ ಗ್ರಂಥಿಗಳ ಮಾಮೂಲಿ ವಿನ್ಯಾಸ ಅಳಿಸಿಹೋಗಿರುತ್ತದೆ. ಆ ನುಣುಪಾದ ಜಾಗದಲ್ಲಿ ಒಂದು ದಪ್ಪ ನಾಳದಿಂದ ಮರದ ಕೊಂಬೆಗಳಂತೆ ಸಣ್ಣ ನಾಳಗಳು ಕವಲೊಡೆದು ಹರಡಿರಬಹುದು. ನಿಧಾನವಾಗಿ ಗಮನಿಸಿ, ಯಾಕೆಂದರೆ ಹರಡಿಕೊಂಡು ಬೆಳೆಯುವ ಕ್ಯಾನ್ಸರ್ ಕೂಡ ಹೀಗೇ ಬಣ್ಣ ಮಾಸಿದ ಜಾಗವಾಗಿ ಬರುತ್ತದೆ, ಅಲ್ಲಿ ನಾಳಗಳು ಸುರುಳಿ ಸುತ್ತಿಕೊಂಡು ತುಂಡು ತುಂಡಾಗಿರುತ್ತವೆ. ಚಿತ್ರ ನೋಡಿ ಲಿಂಫೋಮಾ ಅಂತ ಬರೆದುಬಿಡಬೇಡಿ. ಎಲ್ಲಿಂದ ತುಣುಕು ತೆಗೆಯಬೇಕು ಅನ್ನುವುದನ್ನು ಅದು ಹೇಳುತ್ತದೆ, ಅಷ್ಟೇ.

ಸ್ಲೈಡ್_ಮೇಡಂ:
ಪೆಥಾಲಜಿ ಕಡೆಯಿಂದ ಒಂದು ಮಾತು. ಪುಟ್ಟ, ಹಿಸುಕಿಹೋದ ಒಂದೆರಡು ತುಣುಕು ಕೊಟ್ಟರೆ ನಮಗೂ ಏನೂ ಹೇಳಲಾಗುವುದಿಲ್ಲ, ಅದಕ್ಕೇ ಅಂಥ ರಿಪೋರ್ಟ್ ಬರುವುದು. ದೊಡ್ಡ ಫೋರ್ಸೆಪ್ಸ್ ಬಳಸಿ, ಆ ಜಾಗದಿಂದ ಧಾರಾಳವಾಗಿ ತೆಗೆಯಿರಿ. ಸರಿಯಾಗಿ ಕಾಣುವ ಕಡೆಗಳಿಂದಲೂ ಬೇಕು, ಈ ರೋಗ ಜಠರದ ಹಲವು ಕಡೆ ಒಟ್ಟಿಗೆ ಇರಬಹುದು. ಫ್ಲೋ ಸೈಟೋಮೆಟ್ರಿ (ಕಣಗಳ ಬಗೆ ಗುರುತಿಸುವ ಪರೀಕ್ಷೆ) ಬೇಕಿದ್ದರೆ ಲ್ಯಾಬ್‌ಗೆ ಮೊದಲೇ ಫೋನ್ ಮಾಡಿ, ಆ ತುಣುಕನ್ನು ಫಾರ್ಮಲಿನ್‌ಗೆ ಹಾಕಬೇಡಿ. ಫಾರ್ಮ್‌ನಲ್ಲಿ ಬರೀ 'ಗ್ಯಾಸ್ಟ್ರೈಟಿಸ್?' ಎಂದು ಬರೆಯದೆ ಲಿಂಫೋಮಾ ಸಂಶಯ ಅಂತ ಸ್ಪಷ್ಟವಾಗಿ ಬರೆಯಿರಿ. ರೋಗಿ ಗ್ಯಾಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ? ಪಿಪಿಐ (ಜಠರದ ಆಮ್ಲ ಕಮ್ಮಿ ಮಾಡುವ ಮಾತ್ರೆ) ಆದರೆ, ನಿಲ್ಲಿಸಲು ಸಾಧ್ಯವಿದ್ದರೆ 2 ವಾರ ಮುಂಚೆ ನಿಲ್ಲಿಸಿ, ಇಲ್ಲದಿದ್ದರೆ ಈ ಲಿಂಫೋಮಾಗೆ ಹೆಚ್ಚಾಗಿ ಕಾರಣವಾಗುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದ್ದರೂ ಸಿಗದೆ ಹೋಗಬಹುದು.

ಸ್ಕೋಪ್_ಕಲಿಕೆ:
ಸರ್, ಮೇಡಂ, ತುಂಬಾ ಥ್ಯಾಂಕ್ಸ್. ಹುಡ್ ಹಾಕಿ, ನೀರು ತುಂಬಿಸಿ ನೋಡಿದೆ. ಕವಲೊಡೆದ ನಾಳಗಳು ಕಣ್ಣಿಗೆ ಕಟ್ಟಿದ ಹಾಗೆ ಕಂಡವು, ಅಲ್ಲಿಂದಲೇ ತುಣುಕು ತೆಗೆದೆವು. ಮಾಲ್ಟ್ ಲಿಂಫೋಮಾ ಎಂದೇ ಬಂದಿದೆ, ಎಚ್. ಪೈಲೋರಿ ಪಾಸಿಟಿವ್. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕೇ ಬೇಕಾ?

ಹಳೇ_ಸ್ಕೋಪು:
ಮಾಡಿಸಿ. ಗೋಡೆಯ ಎಷ್ಟು ಪದರ ಇಳಿದಿದೆ, ಪಕ್ಕದ ಲಿಂಫ್ ಗಂಟು ದಪ್ಪವಾಗಿದೆಯಾ ಎಂದು ನೋಡಬೇಕು. ಒಳಪದರದಲ್ಲೇ ಇದ್ದರೆ ಎಚ್. ಪೈಲೋರಿ ಕೊಲ್ಲುವ ಆ್ಯಂಟಿಬಯೋಟಿಕ್‌ಗೆ ಬಗ್ಗುವ ಸಾಧ್ಯತೆ ಜಾಸ್ತಿ. ಈ ಲಿಂಫೋಮಾ ಹಾಗೆ ಕರಗುತ್ತದೆ ಎಂದು 1993ರಲ್ಲೇ ವರದಿಯಾಗಿದೆ.

ಸ್ಲೈಡ್_ಮೇಡಂ:
ಟಿ(11;18) ಪರೀಕ್ಷೆಯನ್ನೂ ಕೇಳಿ, ಅಂದರೆ ಲಿಂಫೋಮಾ ಕಣಗಳಲ್ಲಿ 11 ಮತ್ತು 18ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿವೆಯಾ ಎಂದು ನೋಡುವುದು. ಅದು ಪಾಸಿಟಿವ್ ಆದರೆ ಆ್ಯಂಟಿಬಯೋಟಿಕ್ ಒಂದರಿಂದಲೇ ಕರಗುವುದು ಕಷ್ಟ.

ಹಳೇ_ಸ್ಕೋಪು:
ಹೌದು. ಚಿಕಿತ್ಸೆ ಮುಗಿದ ಮೇಲೆ ಬ್ಯಾಕ್ಟೀರಿಯಾ ಹೋಗಿದೆಯಾ ಅಂತ ಪರೀಕ್ಷಿಸಿ, 3ರಿಂದ 6 ತಿಂಗಳಲ್ಲಿ ಮತ್ತೆ ಸ್ಕೋಪ್ ಹಾಕಿ. ಆಗ ಸ್ವಲ್ಪ ಉಳಿದಿದೆ ಅಂತ ಗಾಬರಿಯಾಗಿ ರೇಡಿಯೇಷನ್‌ಗೆ ಓಡಬೇಡಿ. ಬೆಳೆಯುತ್ತಿಲ್ಲದಿದ್ದರೆ ಕಾಯಬಹುದು, ಪೂರ್ತಿ ಕರಗಲು ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತದೆ. ಈ ಸಲದ ಫೋಟೋಗಳನ್ನು ಜೋಪಾನವಾಗಿಡಿ, ಮುಂದಿನ ಸಲ ಅದೇ ಜಾಗ, ಅದೇ ಝೂಮ್‌ನಲ್ಲಿ ಹೋಲಿಸಬೇಕು.