'ಏಲಿಯನ್ಸ್' ಡಿಸ್ಕೂ ನಮ್ಮ ಮನೆ ಗುಂಪಿನ ಜಗಳವೂ

ಶನಿವಾರ ರಾತ್ರಿ ಊಟದ ಹೊತ್ತಿಗೆ ಮಂಡ್ಯದ ದೊಡ್ಡಪ್ಪ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು.

"ಎಚ್ಚರ!! ಹಾಲಿವುಡ್‌ನಲ್ಲಿ ಹಳೇ ಸಿನಿಮಾಗಳ ಮೂಲ ರೀಲುಗಳನ್ನು ಸುಟ್ಟುಹಾಕಿ ಕಂಪ್ಯೂಟರ್ ಬರೆದ ನಕಲಿ ಮುಖಗಳನ್ನು ಸೇರಿಸುತ್ತಿದ್ದಾರೆ. 'ಏಲಿಯನ್ಸ್' ಚಿತ್ರದ ಹೊಸ ಡಿಸ್ಕ್‌ನಲ್ಲಿ ನಟಿಯೇ ಇಲ್ಲ, ಎಲ್ಲಾ ಎಐ! ನಾಳೆ ನಮ್ಮ ಅಣ್ಣಾವ್ರ ಚಿತ್ರಗಳಿಗೂ ಇದೇ ಗತಿ. ಎಲ್ಲ ಕನ್ನಡಿಗರಿಗೂ ತಲುಪಿಸಿ."

ದೊಡ್ಡಪ್ಪ 'ಏಲಿಯನ್ಸ್' ನೋಡಿದವರಲ್ಲ. ಅವರಿಗೆ ನಾಟಿದ್ದು ಅಣ್ಣಾವ್ರ ಹೆಸರಿದ್ದ ಸಾಲು. ಆ ಭಯ ನನಗೂ ಇದೆ. ಆದರೆ ಅನ್ಯಗ್ರಹದ ಜಂತುಗಳ ಈ ಹಾಲಿವುಡ್ ಸಿನಿಮಾ ಅಂದರೆ ನನಗೆ ಪ್ರಾಣ. ಅದರ ಹಳೇ ಬ್ಲೂ ರೇ ಡಿಸ್ಕೂ ಇದೆ, ಅದಕ್ಕಿಂತ ಸ್ಪಷ್ಟವಾಗಿ ಕಾಣಬೇಕಾದ ಹೊಸ 4ಕೆ ಡಿಸ್ಕೂ ಇದೆ. ಹೊಸ ಡಿಸ್ಕ್ ಬಗ್ಗೆ ನಿಜವಾದ ದೂರು ಒಂದಿದೆ. ಇಂಥ ಸುಳ್ಳು ಸುದ್ದಿ ಬಂದಾಗ ಮೊದಲು ಮುಚ್ಚಿಹೋಗೋದು ಆ ನಿಜವಾದ ದೂರೇ. ಅದನ್ನು ಬರೆಯೋಣ ಅಂತ ಕೂತೆ. ಅಷ್ಟರಲ್ಲಿ ಅಕ್ಕ ಶುರು ಮಾಡಿದ್ದಳು.

ಗೋಕುಲಂ ಅಕ್ಕ: ದೊಡ್ಡಪ್ಪ, ಇದು ಎಲ್ಲಿ ಬಂದಿದೆ? ಯಾವ ಪೇಪರ್?

ಮಂಡ್ಯ ದೊಡ್ಡಪ್ಪ: ನನ್ನ ಸ್ನೇಹಿತರು ಕಳಿಸಿದ್ದು ಕಣಮ್ಮ. ನಿವೃತ್ತ ಪ್ರಿನ್ಸಿಪಾಲರು.

ಗೋಕುಲಂ ಅಕ್ಕ: ಅವರಿಗೆ ಯಾರು ಕಳಿಸಿದ್ದು?

ಚಿಕ್ಕಮ್ಮ: ದೊಡ್ಡವರ ಹತ್ತಿರ ಮಾತಾಡೋ ರೀತಿನಾ ಇದು?

ಗೋಕುಲಂ ಅಕ್ಕ: ಚಿಕ್ಕಮ್ಮ, ನಾನು ಕೇಳಿದ್ದು ಮೂಲ ಎಲ್ಲಿದೆ ಅಂತ ಅಷ್ಟೇ.

ಚಿಕ್ಕಮ್ಮ: ಕಷಾಯದ ವಿಷಯದಲ್ಲೂ ಹಿಂಗೇ ಮಾಡಿದೆ. ಎಲ್ಲರ ಮುಂದೆ.

ಕಷಾಯದ ಜಗಳ ಕೊರೋನಾ ಕಾಲದ್ದು. ದೊಡ್ಡಪ್ಪ ಕಳಿಸಿದ್ದ ಕಷಾಯದ ಮೆಸೇಜ್ ಸುಳ್ಳು ಅಂತ ಅಕ್ಕ ಸಾಲು ಸಾಲಾಗಿ ತೋರಿಸಿದ್ದಳು. ಅವರು ನೊಂದುಕೊಂಡು ಗುಂಪು ಬಿಟ್ಟಿದ್ದರು, ಮತ್ತೆ ಸೇರಿಸಬೇಕಾದರೆ ಅತ್ತೆ ಮಂಡ್ಯಕ್ಕೇ ಹೋಗಿ ಬರಬೇಕಾಯಿತು. ಅಂದಿನಿಂದ ಅಕ್ಕ 'ಮೂಲ' ಅಂತ ಕೇಳಿದರೆ ಸಾಕು, ಚಿಕ್ಕಮ್ಮನಿಗೆ ಆ ಕಷಾಯವೇ ನೆನಪಾಗುತ್ತದೆ. ಅಕ್ಕ ಕೇಳಿದ್ದು ಸರಿಯಾಗೇ ಇತ್ತು. ಚಿಕ್ಕಮ್ಮನ ನೋವೂ ಸುಳ್ಳಲ್ಲ. ಆದರೆ ಡಿಸ್ಕ್ ಮಾತು ಅಲ್ಲಿಗೇ ನಿಂತಿತು. ಆಗ ನಾನು ಉದ್ದಕ್ಕೆ ಬರೆದೆ.

ನಾನು: ಯಾರೂ ಏನೂ ಸುಟ್ಟಿಲ್ಲ ದೊಡ್ಡಪ್ಪ. 'ಏಲಿಯನ್ಸ್' 1986ರದ್ದು. 'ಟರ್ಮಿನೇಟರ್', 'ಟೈಟಾನಿಕ್' ಮಾಡಿದ ಜೇಮ್ಸ್ ಕ್ಯಾಮರಾನ್ ಅವರದೇ ಸಿನಿಮಾ. 4ಕೆ ಡಿಸ್ಕ್ ಬಂದಿದ್ದು 2024ರ ಮಾರ್ಚ್‌ನಲ್ಲಿ. ಅದರಲ್ಲಿರೋದು ಸಿಗೋರ್ನಿ ವೀವರ್ ಅವರೇ, ನಟನೆ ಎಲ್ಲಾ ಅವರದೇ. ಆಗಿರೋದೇ ಬೇರೆ. ಆ ಸಿನಿಮಾ ಹೆಚ್ಚಾಗಿ ಕತ್ತಲಲ್ಲೇ ನಡೆಯುತ್ತೆ, ಅದಕ್ಕೆ ಕಮ್ಮಿ ಬೆಳಕಿಗೆ ಆಗೋ ಫಿಲ್ಮ್ ಬಳಸಿದ್ದರು. ಅಂಥ ಫಿಲ್ಮ್‌ನ ಕಣ ದಪ್ಪ. ಪರದೆ ಮೇಲೆ ಸಣ್ಣ ಸಣ್ಣ ಚುಕ್ಕೆ ಸದಾ ಆಡ್ತಾ ಇರುತ್ತೆ, ಅದನ್ನೇ ಗ್ರೇನ್ ಅನ್ನೋದು. ಹೊಸ ಡಿಸ್ಕ್ ಮಾಡುವಾಗ ಸಾಫ್ಟ್‌ವೇರ್‌ನಿಂದ ಆ ಗ್ರೇನ್ ಒರೆಸಿ, ಅಂಚುಗಳನ್ನು ಚೂಪು ಮಾಡಿದ್ದಾರೆ. ನಿರ್ದೇಶಕರ ಒಪ್ಪಿಗೆಯಿಂದಲೇ. ಗ್ರೇನ್ ಜೊತೆ ಚರ್ಮದ ಸೂಕ್ಷ್ಮವೂ ಹೋಗುತ್ತೆ. ಹುಬ್ಬಿನ ಕೂದಲು ಒಂದೊಂದಾಗಿ ಕಾಣುತ್ತೆ, ಆದರೆ ಕೆನ್ನೆ ನುಣ್ಣಗಾಗಿಬಿಟ್ಟಿರುತ್ತೆ. ಹೋದದ್ದರ ಜಾಗದಲ್ಲಿ ಏನಿರಬಹುದು ಅಂತ ಸಾಫ್ಟ್‌ವೇರ್ ಊಹೆ ಮಾಡಿ ತುಂಬುತ್ತೆ. ಅಭಿಮಾನಿಗಳ ಸಿಟ್ಟು ಇದಕ್ಕೆ. ರೀಲು ಸುಟ್ಟಿದ್ದಕ್ಕಲ್ಲ, ಸುಟ್ಟೇ ಇಲ್ಲ.

ಇಷ್ಟು ಬರೆದದ್ದಕ್ಕೆ ಮದ್ದೂರು ಮಾವ ಕೈ ಮುಗಿದ ಚಿತ್ರ ಹಾಕಿದರು. ಓದಿದರೋ ಇಲ್ಲವೋ ಗೊತ್ತಿಲ್ಲ. ಸರಸ್ವತಿಪುರಂ ಅಣ್ಣ ಮಾತ್ರ ಓದಿದ್ದ, ಆದರೆ ಮೊದಲ ಎರಡು ಸಾಲು.

ಸರಸ್ವತಿಪುರಂ ಅಣ್ಣ: ಏಲಿಯನ್ಸ್!! ಸ್ಟರ್ಲಿಂಗ್‌ನಲ್ಲಿ ನೋಡಿದ್ದು ಕಣೋ. ಚಿಕ್ಕಪ್ಪ ಸೈಕಲ್‌ನಲ್ಲಿ ಕರ್ಕೊಂಡು ಹೋಗಿದ್ರು. ಆ ನಾಯಕಿಯ ಮಗಳು ಮುದುಕಿಯಾಗಿ ಸತ್ತುಹೋಗಿದ್ದಾಳೆ ಅಂತ ಫೋಟೊ ತೋರಿಸ್ತಾರಲ್ಲ, ಆಗ ಇಡೀ ಥಿಯೇಟರ್ ಸೈಲೆಂಟು. ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾನು: ಅಣ್ಣ, ಥಿಯೇಟರ್‌ನಲ್ಲಿ ಆ ದೃಶ್ಯ ಇರಲಿಲ್ಲ.

ಸರಸ್ವತಿಪುರಂ ಅಣ್ಣ: ನೋಡಿದೀನಿ ಅಂತಿದೀನಲ್ಲೋ. ನೀನಾಗ ಹುಟ್ಟೇ ಇರಲಿಲ್ಲ.

ಗೋಕುಲಂ ಅಕ್ಕ: ಟಿಕೆಟ್ ಇದ್ಯಾ?

ಸರಸ್ವತಿಪುರಂ ಅಣ್ಣ: ನಿನ್ನದೊಂದು ಆಡಿಟ್ಟು.

ಅಣ್ಣ ಸುಳ್ಳು ಹೇಳುವವನಲ್ಲ. ಆದರೆ 1986ರಲ್ಲಿ ಬಿಡುಗಡೆಯಾದ ಚಿತ್ರದಲ್ಲಿ ಆ ದೃಶ್ಯವನ್ನು ತೆಗೆದಿದ್ದರು. ಅದು ಮತ್ತೆ ಸೇರಿದ್ದು ಹೋಮ್ ವಿಡಿಯೋಗಾಗಿ ಮಾಡಿದ ಉದ್ದದ ಆವೃತ್ತಿಯಲ್ಲಿ, 1990ರ ದಶಕದ ಆರಂಭದ ಲೇಸರ್ ಡಿಸ್ಕ್‌ನಲ್ಲಿ (ಡಿವಿಡಿಗೂ ಮುಂಚಿನ ದೊಡ್ಡ ಡಿಸ್ಕ್). ಥಿಯೇಟರಿನದ್ದು 137 ನಿಮಿಷ, ಇದು 154. ಆ ಹದಿನೇಳು ನಿಮಿಷದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಈ ಫೋಟೊ ದೃಶ್ಯ. ವೀವರ್ ಮಾಡಿರುವ ನಾಯಕಿ ರಿಪ್ಲಿ 57 ವರ್ಷ ಬಾಹ್ಯಾಕಾಶದಲ್ಲಿ ನಿದ್ದೆಯಲ್ಲೇ ತೇಲಿ ವಾಪಸ್ ಬಂದಿದ್ದಾಳೆ. ಮಗಳ ಹನ್ನೊಂದನೇ ಹುಟ್ಟುಹಬ್ಬಕ್ಕೆ ಬರ್ತೀನಿ ಅಂತ ಮಾತು ಕೊಟ್ಟು ಹೋದವಳು. ಈಗ ಕೈಗೆ ಸಿಕ್ಕಿದ್ದು ಒಬ್ಬ ಅಜ್ಜಿಯ ಫೋಟೊ. ಮಗಳು 66ನೇ ವಯಸ್ಸಿಗೆ ತೀರಿಕೊಂಡಿದ್ದಾಳೆ. ಇದನ್ನು ನೋಡಿದ ಮೇಲೆ, ಮುಂದೆ ಆ ಪುಟ್ಟ ಹುಡುಗಿ ನ್ಯೂಟ್‌ಗೋಸ್ಕರ ರಿಪ್ಲಿ ಯಾಕೆ ಜೀವ ಕೊಡಲೂ ತಯಾರಾಗುತ್ತಾಳೆ ಅಂತ ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಸಂಗತಿ. ಆ ಫೋಟೊದಲ್ಲಿರುವವರು ವೀವರ್ ಅವರ ಸ್ವಂತ ತಾಯಿ, ಎಲಿಜಬೆತ್ ಇಂಗ್ಲಿಸ್. ಅವರೂ ನಟಿಯಾಗಿದ್ದವರು. ಅಂದರೆ ಆ ದೃಶ್ಯದಲ್ಲಿ ಮಗಳಿಗಾಗಿ ಅಳುತ್ತಿರುವ ನಟಿ ನಿಜವಾಗಿ ನೋಡುತ್ತಿರುವುದು ತನ್ನ ಅಮ್ಮನ ಮುಖ.

ಇದನ್ನು ಗುಂಪಿಗೂ ಹಾಕಿದೆ. ಅಣ್ಣ ಉತ್ತರ ಕೊಡುವ ಮೊದಲೇ ಅತ್ತೆ ಬಂದರು.

ಕುವೆಂಪುನಗರ ಅತ್ತೆ: ಅದು ಥಿಯೇಟರ್ ಅಲ್ಲ ಕಣೋ. ನಮ್ಮನೆಯಲ್ಲೇ ನೋಡಿದ್ದು ನೀವೆಲ್ಲ. ನನ್ನ ವಿಸಿಆರ್‌ನಲ್ಲಿ. ಯಾರೋ ಅಮೆರಿಕದಿಂದ ಕ್ಯಾಸೆಟ್ ತಂದಿದ್ರು. ಚಿತ್ರ ಕುಣಿಯೋಕೆ ಶುರು ಮಾಡಿದ್ರೆ ನಿಮ್ಮ ಮಾವ ಮುಚ್ಚಳ ತೆಗೆದು, ಬಿಳಿ ಕಾಗದಕ್ಕೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸೋರು, ಮತ್ತೆ ಹಾಕೋರು.

ಸರಸ್ವತಿಪುರಂ ಅಣ್ಣ: ಸ್ಪಿರಿಟ್ ವಾಸನೆ ನೆನಪಿದೆ ಅತ್ತೆ.

ಕುವೆಂಪುನಗರ ಅತ್ತೆ: ಆ ವಿಸಿಆರ್ ಅಪ್ಪ ನನ್ನ ಮದುವೆಗೆ ಕೊಟ್ಟಿದ್ದು. ಒಂದು ವಾರಕ್ಕೆ ಅಂತ ತಗೊಂಡು ಹೋದೋರು ಇನ್ನೂ ವಾಪಸ್ ಕೊಟ್ಟಿಲ್ಲ. ಯಾರು ಅಂತ ಅವರಿಗೇ ಗೊತ್ತು.

ಬೆಂಗಳೂರು ಚಿಕ್ಕಪ್ಪ: ಅಕ್ಕಾ, ಅದು ಕೆಟ್ಟಿತ್ತು ಅಂತ ಎಷ್ಟು ಸಲ ಹೇಳಲಿ.

ಕುವೆಂಪುನಗರ ಅತ್ತೆ: ಕೆಟ್ಟಿದ್ರೆ ಕೆಟ್ಟಿದ್ದನ್ನೇ ಕೊಡಬೇಕಿತ್ತು.

ಇದಾದ ಮೇಲೆ ಬಹಳ ಹೊತ್ತು ವಿಸಿಆರ್ ವಿಷಯವೇ ನಡೆಯಿತು. ನಡುವೆ ಮದ್ದೂರು ಮಾವ, ಮೋಸರ್ ಬೇರ್‌ನವರು 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರುತ್ತಿದ್ದ ಕಾಲ ಎಷ್ಟು ಚೆನ್ನಾಗಿತ್ತು ಅಂತ ಬರೆದರು. ಅದು ನಿಜವೇ. ಆಗ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲೂ ಡಿಸ್ಕ್ ಸಿಗುತ್ತಿತ್ತು. ಈಗ 4ಕೆ ಡಿಸ್ಕ್ ಬೇಕು ಅಂದರೆ ಹೊರದೇಶದಿಂದ ಬರುವವರ ಸೂಟ್‌ಕೇಸಿಗೆ ಕಾಯಬೇಕು. 4ಕೆ ಡಿಸ್ಕ್‌ಗೆ ರೀಜನ್ ಕೋಡ್ ಇಲ್ಲ ಅನ್ನೋದೊಂದೇ ಸಮಾಧಾನ, ಎಲ್ಲಿಂದ ತಂದರೂ ಇಲ್ಲಿನ ಪ್ಲೇಯರ್‌ನಲ್ಲಿ ಓಡುತ್ತದೆ.

ಆಮೇಲೆ ದೊಡ್ಡಪ್ಪ ಮತ್ತೆ ಬಂದರು.

ಮಂಡ್ಯ ದೊಡ್ಡಪ್ಪ: ಸರಿ ಕಣಪ್ಪ. ಸುಟ್ಟಿಲ್ಲ ಅಂತಲೇ ಇಟ್ಕೊಳ್ಳೋಣ. ನಿರ್ದೇಶಕರೇ ಒಪ್ಪಿ ಮಾಡಿದ್ದು ಅಂದ ಮೇಲೆ ನಿನ್ನದೇನು ತಕರಾರು? ಮಾಡಿದವರಿಗೆ ತಿದ್ದೋ ಹಕ್ಕಿಲ್ವಾ? ಇವತ್ತಿನವರಿಗೆ ಎಲ್ಲದರಲ್ಲೂ ತಪ್ಪು ಹುಡುಕೋದೇ ಆಗಿದೆ. ಇದ್ದದ್ದರಲ್ಲಿ ತೃಪ್ತಿ ಪಡಬೇಕು. 'ಕಸ್ತೂರಿ ನಿವಾಸ'ಕ್ಕೆ ಬಣ್ಣ ಹಾಕಿ ಬಿಟ್ಟಾಗ ಎಷ್ಟು ಜನ ನೋಡಿದ್ರು? ನಾನೇ ಕಣ್ಣೀರು ಹಾಕಿದೀನಿ.

ಗೋಕುಲಂ ಅಕ್ಕ: ದೊಡ್ಡಪ್ಪ, ಬೆಳಗ್ಗೆ ಕಂಪ್ಯೂಟರ್ ಮುಟ್ಟಿದ್ರೆ ಅನ್ಯಾಯ, ಈಗ ತೃಪ್ತಿ ಪಡಬೇಕಾ?

ಚಿಕ್ಕಮ್ಮ: ಬೆಳಗ್ಗೆ ಅಲ್ಲ, ರಾತ್ರಿ. ಅದನ್ನೂ ನೆಟ್ಟಗೆ ಓದಲ್ಲ ನೀನು.

ದೊಡ್ಡಪ್ಪ ಕೇಳಿದ್ದು ಮಾತ್ರ ಒಳ್ಳೆ ಪ್ರಶ್ನೆ, ಇಡೀ ಜಗಳದಲ್ಲೇ ತೂಕದ್ದು. 1971ರ ಕಪ್ಪು ಬಿಳುಪಿನ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಂತು. 1965ರ 'ಸತ್ಯ ಹರಿಶ್ಚಂದ್ರ' ಅದಕ್ಕೂ ಮೊದಲು, 2008ರಲ್ಲಿ. ಚಿಕ್ಕ ಹುಡುಗರು ಅಣ್ಣಾವ್ರನ್ನು ದೊಡ್ಡ ಪರದೆಯಲ್ಲಿ ನೋಡುವಂತಾಯಿತು. ನಾನು ಅದನ್ನು ಯಾವತ್ತೂ ಬೇಡ ಅನ್ನುವವನಲ್ಲ. ನಾನು ಕೇಳೋದು ಒಂದೇ: ಬಣ್ಣದ್ದು ಬಂದ ಮೇಲೆ ಕಪ್ಪು ಬಿಳುಪಿನದೂ ಸಿಗಬೇಕು. ಅದೂ ಅಷ್ಟೇ ಚೆನ್ನಾಗಿ.

ಹಾಗಂತ ಬರೆದು, ಜಾರ್ಜ್ ಲೂಕಸ್ ವಿಷಯವನ್ನೂ ಹಾಕಿದೆ. ಅವರು 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಹೋಗಿ, ಹಳೇ ಸಿನಿಮಾಗಳಿಗೆ ಬಣ್ಣ ಹಾಕೋದು, ತಿದ್ದೋದು ತಪ್ಪು ಅಂತ ವಾದಿಸಿದವರು. ಅದೇ ಲೂಕಸ್ 1997ರಲ್ಲಿ ತಮ್ಮ 'ಸ್ಟಾರ್ ವಾರ್ಸ್'ಗೆ ಹೊಸ ದೃಶ್ಯ, ಹೊಸ ಗ್ರಾಫಿಕ್ಸ್ ಸೇರಿಸಿದರು. ಸೇರಿಸಲಿ. ಆದರೆ 1977ರಲ್ಲಿ ಜನ ನೋಡಿದ್ದ ಸಿನಿಮಾವನ್ನು ಬದಿಗೆ ತಳ್ಳಿಬಿಟ್ಟರು. 2006ರ ಡಿವಿಡಿಯಲ್ಲಿ ಅದು ಬಂದಿದ್ದು ಹೆಚ್ಚುವರಿ ಡಿಸ್ಕ್ ಆಗಿ, ಅದೂ 1993ರ ಲೇಸರ್ ಡಿಸ್ಕ್‌ಗೆ ಮಾಡಿದ್ದ ಹಳೇ ಮಾಸ್ಟರ್‌ನಿಂದ, ಅಂದರೆ ಡಿಸ್ಕ್ ಮಾಡಲು ಮೂಲವಾಗುವ ಪ್ರತಿಯಿಂದ. 'ಬ್ಲೇಡ್ ರನ್ನರ್' ವಿಷಯದಲ್ಲಿ ಹೀಗಾಗಲಿಲ್ಲ. 2007ರಲ್ಲಿ ನಿರ್ದೇಶಕ ರಿಡ್ಲಿ ಸ್ಕಾಟ್ ತಮಗೆ ಒಪ್ಪಿಗೆಯಾದ ಕೊನೇ ಆವೃತ್ತಿ ಬಿಟ್ಟಾಗ, 1982ರದ್ದನ್ನೂ 1992ರದ್ದನ್ನೂ ಅದೇ ಪೆಟ್ಟಿಗೆಯಲ್ಲಿ ಕೊಟ್ಟರು. ಬೇಕಾದ್ದನ್ನು ನೋಡಿ ಅಂತ. ಅದು ನೋಡುವವರಿಗೆ ಕೊಡುವ ಮರ್ಯಾದೆ.

ಮಂಡ್ಯ ದೊಡ್ಡಪ್ಪ: ಹಾಗಾದ್ರೆ ಏಲಿಯನ್ಸ್‌ನಲ್ಲಿ ಹಳೇದು ಕೊಟ್ಟಿಲ್ವಾ?

ನಾನು: ಎರಡೂ ಆವೃತ್ತಿ ಕೊಟ್ಟಿದ್ದಾರೆ ದೊಡ್ಡಪ್ಪ, ಚಿಕ್ಕದೂ ಉದ್ದದೂ. ಆದರೆ ಎರಡೂ ಒರೆಸಿದ ಚಿತ್ರವೇ. ಗ್ರೇನ್ ಇರೋದು ನೋಡಬೇಕು ಅಂದ್ರೆ 2010ರ ಬ್ಲೂ ರೇಗೆ ಹೋಗಬೇಕು.

ಗೋಕುಲಂ ಅಕ್ಕ: 2010ರಲ್ಲೂ ಇದೇ ನಿರ್ದೇಶಕರು ಗ್ರೇನ್ ಕಮ್ಮಿ ಮಾಡಿಸಿದ್ದರು ಅಂತ ಈಗ ಓದಿದೆ. ಅದೂ ಮೂಲ ಅಲ್ವಲ್ಲ?

ನಾನು: ಹೌದು ಅಕ್ಕ, ಆಗಲೂ ಮಾಡಿದ್ದರು, ಬಣ್ಣವನ್ನೂ ತಿದ್ದಿದ್ದರು. ಆದರೆ ಹದದಲ್ಲಿ ನಿಲ್ಲಿಸಿದ್ದರು. ಮುಖ ಮುಖದ ಹಾಗೇ ಇತ್ತು.

ಕೇಳಿದ್ದಕ್ಕೆ ಸರಿಯಾಗಿ ಹುಡುಕಿ ಓದಿ ಬಂದವಳು ಅಕ್ಕ ಒಬ್ಬಳೇ. ಅದಕ್ಕೆ ಅವಳನ್ನು ಮೆಚ್ಚಲೇಬೇಕು. ಆದರೆ ಮಾತನ್ನು ತಿರುಗಿಸಿದ್ದು ಅತ್ತೆ.

ಕುವೆಂಪುನಗರ ಅತ್ತೆ: ಮುಖ ಅಂದಾಗ ನೆನಪಾಯ್ತು. ಪಿತೃಪಕ್ಷದಲ್ಲಿ ದೊಡ್ಡಣ್ಣ ಅಮ್ಮನ ಫೋಟೊನ ಅದ್ಯಾವುದೋ ಆಪ್‌ಗೆ ಹಾಕಿ ಇಲ್ಲಿ ಕಳಿಸಿದ್ರಲ್ಲ. ಆವತ್ತು ನಾನು ಏನೂ ಅನ್ನಲಿಲ್ಲ. ಇವತ್ತು ಹೇಳ್ತೀನಿ. ಅದು ಅಮ್ಮ ಅಲ್ಲ.

ಆ ಫೋಟೊ ಎಲ್ಲರಿಗೂ ನೆನಪಿತ್ತು. ಹಳೇ ಕಪ್ಪು ಬಿಳುಪಿನ ಸ್ಟುಡಿಯೋ ಫೋಟೊ, ಮೂಲೆಯಲ್ಲಿ ಗೆದ್ದಲು ತಿಂದಿತ್ತು. ಆಪ್ ಅದನ್ನು ಥಳಥಳ ಮಾಡಿತ್ತು. ಅಜ್ಜಿಗೆ ಎರಡೂ ಕಡೆ ಮೂಗುಬೊಟ್ಟು, ಹೊಸದರಲ್ಲಿ ಒಂದೇ ಕಡೆ ಉಳಿದಿತ್ತು. ಕೆನ್ನೆ ಮೇಲಿದ್ದ ಸಿಡುಬಿನ ಕಲೆಗಳೂ ಮಾಯ. ಆ ಕಲೆಯಿಂದಲೇ ತಾನು ಬದುಕಿ ಉಳಿದವಳು ಅಂತ ಅಜ್ಜಿ ಹೇಳಿಕೊಳ್ಳುತ್ತಿದ್ದರು. ನಾವೆಲ್ಲ ಅವತ್ತು ಹೃದಯದ ಚಿತ್ರ ಹಾಕಿ ಸುಮ್ಮನಾಗಿದ್ದೆವು.

ಬೆಂಗಳೂರು ಚಿಕ್ಕಪ್ಪ: ನನಗೂ ಹಾಗೇ ಅನ್ನಿಸಿತ್ತು ಅಕ್ಕಾ.

ಚಿಕ್ಕಮ್ಮ: ಅವರು ಪ್ರೀತಿಯಿಂದ ಮಾಡಿದ್ದು.

ಕುವೆಂಪುನಗರ ಅತ್ತೆ: ಪ್ರೀತಿ ಇಲ್ಲ ಅಂದೆನಾ? ಹಳೇದು ಎಲ್ಲಿದೆ ಅಂತ ಕೇಳ್ತಿದೀನಿ.

ಮಂಡ್ಯ ದೊಡ್ಡಪ್ಪ: ಹಳೇದು ನನ್ನ ಬೀರುವಿನಲ್ಲೇ ಇದೆ. ಬಿಸಾಕ್ತೀನಾ ನಾನು? ಅಮ್ಮನ ಫೋಟೊ ಅದು.

ಈ ಉತ್ತರಕ್ಕೆ ನನಗೆ ನಿಜವಾಗಿ ಖುಷಿಯಾಯಿತು. ಯಾಕೆಂದರೆ ನಮ್ಮ ಸಿನಿಮಾಗಳ ವಿಷಯದಲ್ಲಿ ಬೀರುವೇ ಖಾಲಿಯಾಗಿರೋದುಂಟು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ', 1934ರದ್ದು. ಅದರ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಅದಕ್ಕೆ ಬಣ್ಣ ಹಾಕೋದೂ ಇಲ್ಲ, ಗ್ರೇನ್ ಒರೆಸೋದೂ ಇಲ್ಲ. ಇದನ್ನು ಬರೆದು, "ಅಣ್ಣಾವ್ರ ಚಿತ್ರಗಳ ಬಗ್ಗೆ ಚಿಂತೆ ಇದ್ದರೆ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಅಂತ ಕೇಳೋಣ ದೊಡ್ಡಪ್ಪ, ಆ ಪ್ರಶ್ನೆಯನ್ನು ಫಾರ್ವರ್ಡ್ ಮಾಡೋಣ" ಅಂದೆ.

ಮಂಡ್ಯ ದೊಡ್ಡಪ್ಪ: ಅದನ್ನು ನೀನೇ ಚೆನ್ನಾಗಿ ಬರೆದು ಕೊಡು. ಸಣ್ಣದಾಗಿ. ನಮ್ಮ ಪ್ರಿನ್ಸಿಪಾಲರಿಗೂ ಕಳಿಸ್ತೀನಿ.

ಗೋಕುಲಂ ಅಕ್ಕ: ಕಳಿಸೋ ಮುಂಚೆ ನನಗೆ ತೋರಿಸಿ.

ಈ ಸಲ ಚಿಕ್ಕಮ್ಮ ಏನೂ ಅನ್ನಲಿಲ್ಲ.

ಸರಸ್ವತಿಪುರಂ ಅಣ್ಣ: ಅದೆಲ್ಲ ಇರಲಿ. ಎರಡೂ ಡಿಸ್ಕ್ ಹಾಕಿ ತೋರಿಸೋ. ನೋಡಿದ್ರೆ ತಾನೇ ಗೊತ್ತಾಗೋದು.

ಕುವೆಂಪುನಗರ ಅತ್ತೆ: ಮುಂದಿನ ಭಾನುವಾರ ನಮ್ಮನೆಗೇ ಬನ್ನಿ. ದೊಡ್ಡ ಟಿವಿ ಇದೆ. ಆ ಜಂತು ಎಲ್ಲಾ ನನಗೆ ಬೇಡ, ಆ ತಾಯಿ ಫೋಟೊ ನೋಡೋ ಭಾಗ ಮಾತ್ರ ಮೊದಲು ಹಾಕು.

ಮದ್ದೂರು ಮಾವ: ವಡೆ ನಾನು ತರ್ತೀನಿ.

ನಾನು: ಪ್ಲೇಯರ್, ಕೇಬಲ್, ಎರಡೂ ಡಿಸ್ಕ್ ನನ್ನ ಜವಾಬ್ದಾರಿ. ಮೊದಲು 2010ರದ್ದು, ಆಮೇಲೆ ಹೊಸದು, ಅದೇ ದೃಶ್ಯ. ಟಿವಿಯ ಸೆಟ್ಟಿಂಗ್ ಯಾರೂ ಮುಟ್ಟಬೇಡಿ ಅತ್ತೆ, ನಾನು ಬಂದು ನೋಡ್ತೀನಿ.

ಕುವೆಂಪುನಗರ ಅತ್ತೆ: ನಾಲ್ಕು ಗಂಟೆಗೆ ಬಾ. ಚಿಕ್ಕಪ್ಪನ್ನೂ ಕರ್ಕೊಂಡು ಬಾ.