ಪದ ಬೇಕಾಗಿದೆ: ‘ರಾ’ ಫೋಟೋಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ:
ಬಳಗದವರಿಗೆ ನಮಸ್ಕಾರ. ಮೊಬೈಲ್ ಛಾಯಾಗ್ರಹಣದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪುಟಗಳು ಅಚ್ಚಿಗೆ ಹೋಗಬೇಕು. ಫೋನೇ ಸಂಸ್ಕರಿಸಿ ಕೊಡುವ ಮಾಮೂಲಿ ಜೆಪೆಗ್‌ನಂತಲ್ಲದೆ, ಕ್ಯಾಮೆರಾ ಹಿಡಿದದ್ದನ್ನು ಹಾಗೆಯೇ ಉಳಿಸುವ ಕಡತಕ್ಕೆ ‘ರಾ’ (raw) ಎಂದೇ ಬರೆದರೆ ಪತ್ರಿಕೆ ಓದುವವರಿಗೆ ಗುಪ್ತಚರ ಸಂಸ್ಥೆ ನೆನಪಾಗುತ್ತದೆ. ವಾಕ್ಯ ಹೀಗಿದೆ: ‘ಮುಸ್ಸಂಜೆಯಲ್ಲಿ ಜೆಪೆಗ್ ಬದಲು ........ ಕಡತವಾಗಿ ಚಿತ್ರ ತೆಗೆಯಿರಿ; ಬಣ್ಣವನ್ನು ಆಮೇಲೆ ತಿದ್ದಬಹುದು.’ ‘ಕಚ್ಚಾ’ ಆಗಬಹುದೇ?

ಉತ್ತರ:
ಕಚ್ಚಾ ಬೇಡ. ‘ಹಸಿ’ ಎಂದು ಹಾಕಿ. ಕಚ್ಚಾ ರಸ್ತೆ, ಕಚ್ಚಾ ಪ್ರತಿ ಎನ್ನುವಾಗಲೆಲ್ಲ ಆ ಪದಕ್ಕೆ ಅರೆಬರೆ ಎಂಬ ಅರ್ಥ ಅಂಟಿಕೊಂಡಿರುತ್ತದೆ. ರಾ ಕಡತ ಅರೆಬರೆಯಲ್ಲ, ಜೆಪೆಗ್‌ಗಿಂತ ತುಂಬಿಕೊಂಡದ್ದು. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 8 ಬಿಟ್, ಅಂದರೆ ಕತ್ತಲಿನಿಂದ ಬೆಳಕಿನವರೆಗೆ 256 ಮೆಟ್ಟಿಲು. 12 ಬಿಟ್‌ನ ರಾ ಕಡತದಲ್ಲಿ 4096. ನೆರಳಿನಲ್ಲಿ ಕಪ್ಪಾಗಿ ಬಿದ್ದ ಮುಖವನ್ನು ಆಮೇಲೆ ಬೆಳಗಿಸಲು ಆಗುವುದು ಇದರಿಂದಲೇ.

ಇನ್ನು ಹಸಿ. ಹಳಗನ್ನಡದಲ್ಲಿ ಅದು ‘ಪಸಿ’. ಹಸಿರು, ಪಚ್ಚೆ ಎಲ್ಲವೂ ಅದೇ ಬೇರಿನವು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಮೇಲಿರುವ ಬಣ್ಣದ ಜಾಲರಿಯನ್ನು ನೋಡಿ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ನಾಲ್ಕು ಚುಕ್ಕೆಗಳಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಬಿಳಿಯ ಸಮತೋಲನ ಮಾಡದೆ, ಅಂದರೆ ಬಿಳಿಯದು ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸದೆ, ರಾ ಕಡತವನ್ನು ತೆರೆದರೆ ಚಿತ್ರವೆಲ್ಲ ಹಸಿರು ಛಾಯೆಯಲ್ಲೇ ಕಾಣುತ್ತದೆ. ಇಷ್ಟು ಒಪ್ಪುವ ಪದ ಮನೆಯಲ್ಲೇ ಇರುವಾಗ ಹಿಂದಿಯ ಮುಂದೆ ಕೈ ಚಾಚುವುದೇಕೆ?

ಇದಕ್ಕೆ ಪ್ರತಿಕ್ರಿಯೆ:
ಬೇರಿನ ಹೊಂದಿಕೆ ಕಾಕತಾಳೀಯ, ಅದು ಪುರಾವೆಯಾಗದು. ‘ಹಸಿ ಫೋಟೋ’ ಎಂದರೆ ಓದುಗರು ಒಣಗದ ಫೋಟೋ ಎಂದುಕೊಳ್ಳುತ್ತಾರೆ. ಕಚ್ಚಾ ತೈಲ, ಕಚ್ಚಾ ವಸ್ತು ಎಂದು ದಿನವೂ ಅಚ್ಚಾಗುತ್ತಿದೆ; ಅಲ್ಲಿ ಅರೆಬರೆ ಎಲ್ಲಿದೆ? ಕ್ಯಾಮೆರಾ, ಮೊಬೈಲ್, ಫೋಟೋ ಮೂರನ್ನೂ ಒಳಗೆ ಬಿಟ್ಟುಕೊಂಡು ಕಚ್ಚಾ ಒಂದಕ್ಕೆ ಬಾಗಿಲು ಹಾಕುವುದು ಯಾವ ನಿಯಮ? ಅಲ್ಲದೆ 2020ರಲ್ಲಿ ಆಪಲ್ ತಂದ ಪ್ರೊರಾ ಕಡತದಲ್ಲಿ ಫೋನೇ ಹಲವು ಚಿತ್ರಗಳನ್ನು ಬೆಸೆದು, ಒಂದೊಂದು ಚುಕ್ಕೆಯಲ್ಲೂ ಇಲ್ಲದ ಬಣ್ಣಗಳನ್ನು ತುಂಬಿ, ಆಮೇಲೆ ನಮ್ಮ ಕೈಗೆ ಕೊಡುತ್ತದೆ. ಅದೂ ಹಸಿಯೇ?

ಮರು ಉತ್ತರ:
ಅಲ್ಲ, ಅದು ಅರೆಬೆಂದದ್ದು. ಜೆಪೆಗ್ ಬೆಂದದ್ದು. ಹಸಿ, ಅರೆಬೆಂದ, ಬೆಂದ: ಒಂದು ಪದ ಹಿಡಿದರೆ ಮೂರೂ ಕಡತಗಳಿಗೆ ಹೆಸರು ಸಿಗುತ್ತದೆ. ಕಚ್ಚಾದಿಂದ ಅಂಥ ಸಾಲು ಹುಟ್ಟಿಸಿ ತೋರಿಸಿ. ಹಸಿಮೆಣಸಿನಕಾಯಿ ಎಂದಾಗ ಯಾರೂ ಅದನ್ನು ಒಣಗಿಸಲು ಬಟ್ಟೆ ಹುಡುಕುವುದಿಲ್ಲ; ಅರ್ಥ ಸಂದರ್ಭದಿಂದ ಬರುತ್ತದೆ. ಕ್ಯಾಮೆರಾ ವಸ್ತುವಿನ ಜೊತೆಗೇ ಬಂದ ಹೆಸರು, ಅದಕ್ಕೆ ನನ್ನ ತಕರಾರಿಲ್ಲ. ಇರುವ ಪದವನ್ನು ಪಕ್ಕಕ್ಕೆ ತಳ್ಳಿ ಕೂರುವ ಎರವಲಿಗೆ ತಕರಾರಿದೆ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ವಂದನೆಗಳು. ಅರೆಬೆಂದ ಕಡತದ ಮಾತು ಕೈಪಿಡಿಯ ಮುಂದಿನ ಅಧ್ಯಾಯದಲ್ಲೇ ಬರುವುದರಿಂದ ‘ಹಸಿ ಕಡತ’ ಎಂದು ಹಾಕುತ್ತಿದ್ದೇನೆ. ಫೋನಿನ ಪರದೆಯ ಮೇಲೆ ಓದುಗರಿಗೆ ಕಾಣುವುದು ‘ರಾ’ ಎಂಬುದೇ ಆದ್ದರಿಂದ ಮೊದಲ ಬಾರಿಗೆ ಮಾತ್ರ ‘ರಾ, ಅಂದರೆ ಹಸಿ ಕಡತ’ ಎಂದಿರುತ್ತದೆ. ಪುಟಗಳು ಹೊರಟವು.