ಎಮಾನ್ಸಿಪೇಶನ್: ಕೋರ್ಟಿನ ಅರ್ಥದಲ್ಲಿ ಕನ್ನಡದ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ ಪರಿಚಯದ ಕನ್ನಡದ ಮನೆಯೊಂದರಲ್ಲಿ ಹೈಸ್ಕೂಲು ಓದುವ ಹುಡುಗ ಎಮಾನ್ಸಿಪೇಶನ್‌ಗೆ, ಅಂದರೆ ಮೇಜರ್ ಆಗುವ ಮೊದಲೇ ಹೆತ್ತವರ ಅಧಿಕಾರದಿಂದ ಹೊರಬರಲು, ಕೋರ್ಟಿಗೆ ಅರ್ಜಿ ಹಾಕುವ ಯೋಚನೆಯಲ್ಲಿದ್ದಾನೆ. ಊರಲ್ಲಿರುವ ಅಜ್ಜಿಗೆ ಇದೇನೆಂದು ಕನ್ನಡದಲ್ಲಿ ಬರೆದುಕೊಡಿ ಎಂದು ಅವನ ತಾಯಿ ಕೇಳಿದ್ದಾರೆ. ಹೆಸರಿಗೇ ಪದ ಸಿಗುತ್ತಿಲ್ಲ.

ವಿಷಯ ಇಷ್ಟು. ಇಲ್ಲಿ 18 ತುಂಬಿದರೆ ಮೇಜರ್. ಆದರೆ 14 ತುಂಬಿದವರು ಅದಕ್ಕೂ ಮೊದಲೇ ಕೋರ್ಟಿಗೆ ಹೋಗಬಹುದು. ಹೆತ್ತವರು ಒಪ್ಪಿಯೋ, ಬೇಡ ಎನ್ನದೆ ಸುಮ್ಮನಿದ್ದೋ, ಹುಡುಗ ಅವರಿಂದ ಬೇರೆ ವಾಸವಾಗಿರಬೇಕು. ದುಡ್ಡುಕಾಸು ತಾನೇ ನೋಡಿಕೊಳ್ಳುತ್ತಿರಬೇಕು. ಆ ದುಡ್ಡು ನೇರ ದಾರಿಯದ್ದಾಗಿರಬೇಕು. ಜಡ್ಜ್ ಒಪ್ಪಿದರೆ ಬಾಡಿಗೆ ಕರಾರಿಗೆ ಅವನದೇ ಸಹಿ ನಡೆಯುತ್ತದೆ, ಆಸ್ಪತ್ರೆಯಲ್ಲಿ ಅವನದೇ ಒಪ್ಪಿಗೆ ಸಾಕು. ವೋಟು ಮಾತ್ರ 18ಕ್ಕೇ, ಬಿಯರ್ 21ಕ್ಕೇ. ಹುಡುಗರು ಅಷ್ಟಾಗಿ ಗಮನಿಸದ ಇನ್ನೊಂದು ಸಂಗತಿಯಿದೆ: ಮಗನನ್ನು ಸಾಕುವ ಹೊಣೆಯೂ ಅಪ್ಪ-ಅಮ್ಮನ ತಲೆಯಿಂದ ಇಳಿಯುತ್ತದೆ.

ನಿಘಂಟು ತೆಗೆದರೆ 'ವಿಮೋಚನೆ' ಎದುರಾಗುತ್ತದೆ. ಗುಲಾಮರಿಗೆ ಸರಿ, ಹೈದರಾಬಾದ್ ಕರ್ನಾಟಕಕ್ಕೆ ಸರಿ. 'ಅಪ್ಪ-ಅಮ್ಮನಿಂದ ವಿಮೋಚನೆ' ಎಂದರೆ ಹೆತ್ತವರು ನಿಜಾಮರಾಗುತ್ತಾರೆ, ಅಲ್ವಾ? 'ಬಿಡುಗಡೆ' ಹಗುರವಾಗಿದೆ, ಆದರೆ ಅಜ್ಜಿಗೆ ಜಮೀನು ವ್ಯವಹಾರ ಚೆನ್ನಾಗಿ ಗೊತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ 'ಹಕ್ಕು ಬಿಡುಗಡೆ ಪತ್ರ' ಎಂದರೆ ಆಸ್ತಿಯಲ್ಲಿನ ಪಾಲು ಬಿಟ್ಟುಕೊಡುವ ಪತ್ರ. ಮೊಮ್ಮಗ ಪಾಲು ಬಿಟ್ಟ ಎಂದೇ ಓದಿಕೊಳ್ಳುತ್ತಾರೆ. 'ಬೇರೆ ಹೋದ' ಎಂದರೆ ಮದುವೆಯಾದ ಮಗ ಬೇರೆ ಒಲೆ ಹೂಡಿದಂತೆ. 'ಮನೆ ಬಿಟ್ಟ' ಎಂದರೆ ಓಡಿಹೋದ ಹಾಗೆ.

ಪದದ ಮೂಲ ನೋಡಿದರೆ ಇನ್ನೂ ಮಜಾ ಇದೆ. ಲ್ಯಾಟಿನ್ನಿನಲ್ಲಿ 'ಮಾನುಸ್' ಎಂದರೆ ಕೈ. ಹಳೇ ರೋಮಿನಲ್ಲಿ ಮಗನಿಗೆ ಎಷ್ಟೇ ವಯಸ್ಸಾದರೂ ಅಪ್ಪ ಬದುಕಿರುವ ತನಕ ಅವನ ಅಧಿಕಾರದ ಕೆಳಗೇ. ಆದರೆ ಹನ್ನೆರಡು ಫಲಕಗಳ ಕಾನೂನಿನಲ್ಲಿ ಒಂದು ಮಾತಿತ್ತು: ಅಪ್ಪ ಮಗನನ್ನು ಮೂರು ಸಲ ಮಾರಿದರೆ ಮಗ ಸ್ವತಂತ್ರ. ಕ್ರೂರಿ ಅಪ್ಪಂದಿರಿಗೆ ಕಡಿವಾಣವಾಗಿ ಬಂದದ್ದಿರಬೇಕು. ಆಮೇಲೆ ಜನ ಅದನ್ನೇ ದಾರಿ ಮಾಡಿಕೊಂಡರು. ನಂಬಿಕಸ್ಥ ಗೆಳೆಯನಿಗೆ ಸುಮ್ನೆ ಹೆಸರಿಗೆ ಮಾರುವುದು, ಗೆಳೆಯ ಬಿಟ್ಟುಬಿಟ್ಟಾಗ ಮಗ ಅಪ್ಪನ ಕೆಳಗೇ ಮರಳುವುದು, ಮತ್ತೆ ಮಾರುವುದು. ಮೂರನೇ ಮಾರಾಟಕ್ಕೆ ಅಪ್ಪನ ಅಧಿಕಾರ ಮುಗಿಯಿತು. ಅಂದರೆ ಕೈಯ ಹಿಡಿತದಿಂದ ಹೊರಗೆ ಬಿಡುವುದು. ಅದನ್ನೇ ಕನ್ನಡಕ್ಕೆ ತಂದರೆ 'ಕೈಬಿಡು' ಆಗುತ್ತದೆ! ಅಜ್ಜಿಗೆ ಯಾವುದರ ಭಯವೋ ಅದೇ ಮಾತು.

ನಮ್ಮ ಕಾನೂನಿನಲ್ಲಿ ಇಂಥ ಅರ್ಜಿಯೇ ಇಲ್ಲ, ಹಾಗಾಗಿ ವಕೀಲರ ಬಾಯಲ್ಲೂ ಪದ ಹುಟ್ಟಿಲ್ಲ. 1875ರ ಇಂಡಿಯನ್ ಮೆಜಾರಿಟಿ ಆಕ್ಟ್ ಮೇಜರ್ ಆಗುವ ವಯಸ್ಸು 18 ಎಂದಿತು. ಕೋರ್ಟು ಗಾರ್ಡಿಯನ್ ನೇಮಿಸಿದ್ದರೆ 21ರ ತನಕ ಮೈನರ್ ಎಂದೂ ಸೇರಿಸಿತ್ತು. ಅದು ಹೋದದ್ದು 1999ರಲ್ಲಿ. ಮೈನರ್‌ತನವನ್ನು ನಮ್ಮವರು ಉದ್ದ ಎಳೆದಿದ್ದರೇ ಹೊರತು 18ಕ್ಕಿಂತ ಮೊಟಕು ಮಾಡಿಲ್ಲ. ಮನೆಯಲ್ಲಿ ಹಿಂಸೆಯಿದ್ದರೆ ಮಕ್ಕಳ ಕಲ್ಯಾಣ ಸಮಿತಿ ಇದೆ, ಆದರೆ ಅದು ರಕ್ಷಣೆಯ ಮಾತು.

ಮರಾಠಿ ಪಹಣಿಗಳಲ್ಲಿ ಮೈನರ್ ಹೆಸರಿನ ಜೊತೆ 'ಅ.ಪಾ.ಕ.' ಎಂದು ಬರೆಯುತ್ತಾರೆ, ಅಜ್ಞಾನ ಪಾಲನ ಕರ್ತಾ ಎಂದು. ಅಲ್ಲಿ ಮೈನರ್ 'ಅಜ್ಞಾನ', ಮೇಜರ್ 'ಸಜ್ಞಾನ'. ಹದಿನಾರರ ಹುಡುಗನಿಗೆ ಇದನ್ನು ಹೇಳಿ ನೋಡಿ, ಅವತ್ತೇ ಅರ್ಜಿ ಹಾಕುತ್ತಾನೆ. ಬೆಳಗಾವಿ, ವಿಜಯಪುರದ ಕಡೆಯವರು ಈ ಜೋಡಿಯನ್ನು ಮಾತಿನಲ್ಲೂ ಬಳಸುತ್ತೀರಾ?

ಸದ್ಯಕ್ಕೆ ನಾನು 'ಸ್ವಂತ ಹೊಣೆಯ ಘೋಷಣೆ' ಎಂದು ಬರೆದಿದ್ದೇನೆ. ಜಡ್ಜ್ ಕೊಡುವುದೂ ಘೋಷಣೆಯೇ, ಯಾರನ್ನೂ ಬೈದಂತೆಯೂ ಆಗುವುದಿಲ್ಲ. 'ಅವಧಿಪೂರ್ವ ಪ್ರಾಪ್ತವಯಸ್ಕತೆ' ಎಂದು ಗೆಳೆಯರೊಬ್ಬರು ಸೂಚಿಸಿದರು, ಕೈ ಮುಗಿದೆ. ನನ್ನ ಪದದ ತೊಂದರೆ ಕ್ರಿಯಾಪದದಲ್ಲಿದೆ. 'ಸ್ವಂತ ಹೊಣೆಗೆ ಬಂದ' ಎನ್ನಬಹುದೇ? 'ಪ್ರಾಯಕ್ಕೆ ಬಂದ' ಎನ್ನುವಂತೆ ಅದು ನಾಲಿಗೆಗೆ ಸಲೀಸಾಗಿ ಬರುತ್ತದೆಯೇ, ಅಥವಾ ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ಮಾತಿದೆಯೇ? ಪತ್ರ ಈ ವಾರವೇ ಹೋಗಬೇಕು.